ನಮ್ಮ ಲಾಯದ ಒಂಬತ್ತು ಮಂದಿ ಸೈಸ್‌ಗಳಿಗೆ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಉತ್ತರದ ಅಂಚಿನಲ್ಲಿರುವ ನಮ್ಮ ಲಾಯದ ಗೇಟಿಗೆ ಜುಲೈ ಕೊನೆಯಲ್ಲಿ ಕಟ್ಟಿದ್ದ ಕೆಂಪು ಹಗ್ಗವನ್ನು ಮೊನ್ನೆ ಬಿಚ್ಚಿದೆವು. ಒಟ್ಟು 94 ದಿನ. 23 ಕುದುರೆಗಳಲ್ಲಿ 11ಕ್ಕೆ ಸ್ಟ್ರಾಂಗಲ್ಸ್ ಎಂಬ ಅಂಟುರೋಗ ತಗುಲಿತ್ತು. ಒಂದೂ ಸಾಯಲಿಲ್ಲ. ಸುದ್ದಿ ತಿಳಿದವರೆಲ್ಲ ಮಾಲೀಕರಿಗೂ ಡಾಕ್ಟರಿಗೂ ಫೋನ್ ಮಾಡಿ ಅಭಿನಂದನೆ ಹೇಳುತ್ತಿದ್ದಾರೆ. ಡಾಕ್ಟರಿಗೆ ಸಲ್ಲಬೇಕಾದದ್ದು ಸಲ್ಲಲಿ. ಆದರೆ ರೋಗ 12ನೇ ಕುದುರೆಗೆ ದಾಟದಂತೆ ತಡೆದವರು ಕುದುರೆಗಳ ಆರೈಕೆ ಮಾಡುವ ಒಂಬತ್ತು ಮಂದಿ ಸೈಸ್‌ಗಳು. ಅವರು ಮಾಡಿದ್ದೇನು ಎಂದು ಬಿಡಿಸಿ ಹೇಳದೆ ಬರೀ ‘ಥ್ಯಾಂಕ್ಸ್’ ಅಂದರೆ ಅದು ಬಾಯಿಮಾತಾಗುತ್ತದೆ. ಹಾಗಾಗಿ ಇಲ್ಲಿ ಕುದುರೆ ಕಟ್ಟಿರುವ ನಾವೆಲ್ಲ ಸೇರಿ ಇದನ್ನು ಬರೆಯುತ್ತಿದ್ದೇವೆ.

ಸ್ಟ್ರಾಂಗಲ್ಸ್ ಎಂದರೆ ಸ್ಟ್ರೆಪ್ಟೊಕಾಕಸ್ ಈಕ್ವಿ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗ. ಮೊದಲು ಜ್ವರ, ಆಮೇಲೆ ಮೂಗಿನಿಂದ ಹಳದಿ ಸಿಂಬಳ, ಆಮೇಲೆ ದವಡೆಯ ಕೆಳಗೆ ಗಂಟು. ಗಂಟು ಕೀವು ತುಂಬಿ ಒಡೆಯುತ್ತದೆ. ಹೊರಗಡೆ ಒಡೆದರೆ ಕುದುರೆ ಬಚಾವು. ಗಂಟಲ ಹಿಂದೆ ಒಳಗೇ ಊದಿಕೊಂಡರೆ ಉಸಿರಾಟಕ್ಕೇ ಕುತ್ತು, ಇಂಗ್ಲಿಷಿನಲ್ಲಿ ಕತ್ತು ಹಿಸುಕುವುದು ಎಂಬ ಅರ್ಥದ ಆ ಹೆಸರು ಬಂದದ್ದೂ ಅದರಿಂದಲೇ. ಅದು ಗಾಳಿಯಲ್ಲಿ ದೂರ ಹಾರುವ ರೋಗವಲ್ಲ. ಬಕೆಟ್ಟು, ಹಗ್ಗ, ಬ್ರಷ್ಷು, ತೊಟ್ಟಿಯ ನೀರು, ಅಂಗಿಯ ತೋಳು, ಇವುಗಳ ಮೇಲೆ ಕೂತು ಕುದುರೆಯಿಂದ ಕುದುರೆಗೆ ಹೋಗುತ್ತದೆ. ಅಂದರೆ ಸೈಸ್ ದಿನಾ ಮುಟ್ಟುವ ಪ್ರತಿಯೊಂದು ವಸ್ತುವೂ ಅದಕ್ಕೆ ದಾರಿ.

ಅದು ಬಂದದ್ದು ಹೊಸದಾಗಿ ತಂದ ಒಂದು ಕುದುರೆಯ ಜೊತೆ. ಮೂರು ವಾರ ಬೇರೆ ಕಟ್ಟೋಣ ಸಾರ್ ಎಂದು ನಮ್ಮ ಹಿರಿಯ ಸೈಸ್ ಹೇಳಿದ್ದರು. ಜಾಗವಿಲ್ಲ, ಒಂದು ವಾರ ಸಾಕು ಎಂದವರು ನಾವು. ರೋಗ ಮೈಗೆ ಹೊಕ್ಕ ಮೇಲೆ ಜ್ವರ ಕಾಣಿಸಿಕೊಳ್ಳಲು ಮೂರರಿಂದ 14 ದಿನ ಬೇಕು ಎಂಬುದು ಅವರಿಗೆ ಅನುಭವದಿಂದಲೇ ಗೊತ್ತಿತ್ತು. ತಪ್ಪು ನಮ್ಮದು. ಅದರ ಬೆಲೆ ತೆತ್ತದ್ದು ಅವರ ಬೆನ್ನು, ಅವರ ನಿದ್ದೆ.

ಮೊದಲ ಒಂಬತ್ತು ದಿನದ ಮಾತು ಬೇರೆಯೇ. ಮೂಗು ಸೋರುವ ಕುದುರೆ ಎಂದರೆ ಮೊದಲು ಗ್ಲ್ಯಾಂಡರ್ಸ್ ಅಲ್ಲ ಎಂದು ಖಾತ್ರಿಯಾಗಬೇಕು. ಗ್ಲ್ಯಾಂಡರ್ಸ್ ಮನುಷ್ಯರಿಗೂ ತಗುಲುತ್ತದೆ, ಜೀವ ತೆಗೆಯುತ್ತದೆ. ಅದರ ಶಂಕೆ ಬಂದರೇ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆಯುವ 2009ರ ಕಾಯ್ದೆಯಂತೆ ಸರ್ಕಾರಕ್ಕೆ ತಿಳಿಸಬೇಕು, ಖಚಿತವಾದರೆ ಆ ಕುದುರೆಯನ್ನು ಉಳಿಸಿಕೊಳ್ಳುವಂತಿಲ್ಲ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರಕ್ಕೆ ಹೋಗಿ ಉತ್ತರ ಬರುವವರೆಗೆ ಯಾರಿಗೂ ಏನೂ ಗೊತ್ತಿರಲಿಲ್ಲ. ಎರಡು ಜೊತೆ ಗ್ಲೌಸು, ಮಾಸ್ಕು, ಕಣ್ಣಿಗೆ ಕನ್ನಡಕ, ಕೈಯಲ್ಲಿ ಗೀರು ಇದ್ದವರಿಗೆ ರೋಗಿ ಕುದುರೆಯ ಕೆಲಸ ಬೇಡ ಎಂದು ಡಾಕ್ಟರು ಹೇಳಿದ್ದರು. ಮನೆಗೆ ಹೋಗುತ್ತೇವೆ ಎಂದು ಒಬ್ಬರಾದರೂ ಕೇಳಿದ್ದರೆ ನಾವು ಬಾಯಿ ಮುಚ್ಚಿಕೊಂಡು ಕಳಿಸಬೇಕಿತ್ತು. ಒಬ್ಬರೂ ಕೇಳಲಿಲ್ಲ. ಮಕ್ಕಳಿಗೆ ಫೋನಿನಲ್ಲೇ ಮುಖ ತೋರಿಸಿ, ಹುಲ್ಲಿನ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿದರು. ಗ್ಲ್ಯಾಂಡರ್ಸ್ ಅಲ್ಲ ಎಂಬ ವರದಿ ಬಂದ ಸಂಜೆ ಅವರಲ್ಲಿ ಒಬ್ಬರು ಮೊದಲು ಕೇಳಿದ್ದು ರೋಗಿ ಕುದುರೆ ಕಸ್ತೂರಿಯ ಬಗ್ಗೆ, ‘ಹಂಗಾದ್ರೆ ಕಸ್ತೂರಿನ ಉಳಿಸ್ಕೋಬಹುದಾ?’ ಎಂದು. ಆ ಮಾತನ್ನು ನಾವ್ಯಾರೂ ಮರೆಯುವಂತಿಲ್ಲ.

ಈಗ ಥರ್ಮಾಮೀಟರಿನ ವಿಷಯ. ಈ ರೋಗದಲ್ಲಿ ಜ್ವರ ಮೊದಲು ಬರುತ್ತದೆ. ಇತರ ಕುದುರೆಗಳಿಗೆ ಅಂಟಿಸುವಂಥ ಸಿಂಬಳ ಸಾಮಾನ್ಯವಾಗಿ ಎರಡು ಮೂರು ದಿನ ತಡವಾಗಿ ಶುರುವಾಗುತ್ತದೆ. ಆ ನಡುವಿನ ಎರಡು ದಿನದಲ್ಲಿ ಕುದುರೆಯನ್ನು ಹಿಡಿದು ಬೇರೆ ಕಟ್ಟಿದರೆ ಸರಪಳಿ ಕಡಿಯುತ್ತದೆ, ತಪ್ಪಿದರೆ ಪಕ್ಕದ ಕುದುರೆ ನಿಲ್ಲುವ ಬಾಕ್ಸಿಗೂ ಹೋಯಿತು ಅಂತಲೇ ಲೆಕ್ಕ. ಅದಕ್ಕೇ ಬೆಳಗಿನ ಜಾವ ನಾಲ್ಕೂವರೆಗೆ ದಾಣಿ ಹಾಕುವ ಮುಂಚೆ ಒಮ್ಮೆ, ಸಂಜೆ ನಾಲ್ಕೂವರೆಗೆ ಒಮ್ಮೆ, 23 ಕುದುರೆಗೂ ಜ್ವರ ನೋಡಿದರು. 94 ದಿನಕ್ಕೆ ನಾಲ್ಕು ಸಾವಿರಕ್ಕೂ ಹೆಚ್ಚು ಸಲ.

ಹೊರಗಿನವರಿಗೆ ಇದು ಸುಲಭದ ಕೆಲಸ ಅನಿಸಬಹುದು. ಹಿಂದೆ ನಿಲ್ಲುವಂತಿಲ್ಲ. ಎಡ ತೊಡೆಗೆ ಮೈ ಒತ್ತಿಕೊಂಡು ಪಕ್ಕದಲ್ಲಿ ನಿಲ್ಲಬೇಕು. ಒತ್ತಿ ನಿಂತವನಿಗೆ ಒದೆ ಬಿದ್ದರೂ ತಳ್ಳಿದಷ್ಟೇ, ಒಂದು ಮಾರು ದೂರ ನಿಂತವನ ಎಲುಬೇ ಮುರಿಯುತ್ತದೆ. ಬಾಲ ಮೇಲೆತ್ತದೆ ಮೆಲ್ಲಗೆ ಪಕ್ಕಕ್ಕೆ ಸರಿಸಬೇಕು. ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ, ಗುದದ್ವಾರದೊಳಗೆ ಇಟ್ಟು, ಒಳಗೋಡೆಗೆ ತಾಗುವಂತೆ ಸ್ವಲ್ಪ ಓರೆಯಾಗಿ ಹಿಡಿಯಬೇಕು. ತುದಿ ಲದ್ದಿಯ ಉಂಡೆಯೊಳಗೆ ಹೊಕ್ಕರೆ ಅಂಕಿ ಕಡಿಮೆ ತೋರಿಸುತ್ತದೆ, ಜ್ವರ ಇದ್ದರೂ ಇಲ್ಲ ಅನ್ನುತ್ತದೆ. ಕೈಬಿಟ್ಟರೆ ಥರ್ಮಾಮೀಟರೇ ಒಳಗೆ ಎಳೆದುಕೊಳ್ಳುವ ಅಪಾಯವಿದೆ. ಅದಕ್ಕೆ ದಾರ ಕಟ್ಟಿ, ದಾರದ ತುದಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಬಾಲದ ಕೂದಲಿಗೆ ಹಾಕುವುದು. ಆರೋಗ್ಯವಂತ ಕುದುರೆಗೆ 99ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್. ಎರಡನೇ ವಾರ ತೂಫಾನ್ ಎಂಬ ಕುದುರೆಗೆ 101.8 ಬಂತು. ಹುಲ್ಲು ತಿನ್ನುತ್ತಿತ್ತು, ಕಿವಿ ನೆಟ್ಟಗಿತ್ತು, ನೋಡಿದವರು ಯಾರೂ ರೋಗ ಅನ್ನುತ್ತಿರಲಿಲ್ಲ. ಅದನ್ನು ನೋಡಿಕೊಳ್ಳುವ ಸೈಸ್ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿ, ಅಂಕಿ ಅದೇ ಬಂದ ಕೂಡಲೇ ಯಾರ ಅಪ್ಪಣೆಗೂ ಕಾಯದೆ, ರೋಗಿಗಳ ಸಂಗದಲ್ಲಿದ್ದ ಕುದುರೆಗಳ ಹಳದಿ ಸಾಲಿಗೆ ಕರೆದೊಯ್ದರು. ಸಂಜೆಗೆ 104. ತೂಫಾನ್‌ನ ಎಡಬಲದ ಎರಡೂ ಕುದುರೆಗಳು ಕೊನೆಯವರೆಗೂ ಚೆನ್ನಾಗಿದ್ದವು.

ಸಾಲುಗಳು ಮೂರು. ಕೆಂಪು ಸಾಲು ರೋಗಿಗಳಿಗೆ, ಹಳದಿ ಅವುಗಳ ಸಂಗದಲ್ಲಿದ್ದವಕ್ಕೆ, ಹಸಿರು ಮಿಕ್ಕವಕ್ಕೆ. ಕೆಂಪಿನಲ್ಲಿ ಮೂವರು, ಹಳದಿಯಲ್ಲಿ ಇಬ್ಬರು, ಹಸಿರಿನಲ್ಲಿ ನಾಲ್ವರು. ಒಂದು ಸಾಲಿನವರು ಇನ್ನೊಂದಕ್ಕೆ ಕಾಲಿಡುವಂತಿಲ್ಲ. ಬಕೆಟ್ಟು, ಬಾಚಣಿಗೆ, ಗೊರಸು ಕೆರೆಯುವ ಕೊಕ್ಕೆ, ಲದ್ದಿ ಗಾಡಿ, ಹೆಡ್ ಕಾಲರ್ ಎಲ್ಲಕ್ಕೂ ಆಯಾ ಬಣ್ಣದ ಟೇಪು. ಊಟದ ಹೊತ್ತಿಗೂ ಬೇರೆ ಬೇರೆ ಕಡೆ ಕೂತರು. ವರ್ಷಗಟ್ಟಲೆ ಒಟ್ಟಿಗೆ ಉಂಡವರು ಮೂರು ತಿಂಗಳು ಅಂಗಳದ ಈಚೆ ಆಚೆ ಕೂತು ಕೂಗಿಕೊಂಡು ಮಾತಾಡಿದರು.

ಇಷ್ಟಾದರೂ ಒಂದು ಎಡವಟ್ಟಾಯಿತು. ಐದನೇ ವಾರ ಹಳದಿ ಸಾಲಿನ ಎರಡು ಕುದುರೆಗಳಿಗೆ ಒಂದೇ ದಿನ ಜ್ವರ. ಎಲ್ಲಿಂದ ಎಂದು ಗೊತ್ತಾಗಲಿಲ್ಲ. ಹಿರಿಯ ಸೈಸ್ ಅರ್ಧ ದಿನ ಸುಮ್ಮನೆ ಕೂತು ನೀರು ತುಂಬುವುದನ್ನು ನೋಡಿದರು. ಪೈಪಿನ ತುದಿ ಬಕೆಟ್ಟಿನೊಳಗೆ ಮುಳುಗುತ್ತಿತ್ತು! ಒಂದು ಬಕೆಟ್ಟಿನ ಜೊಲ್ಲು ನೀರು ಪೈಪಿಗೆ ಅಂಟಿ ಮುಂದಿನ ಬಕೆಟ್ಟಿಗೆ. ಬಿಸಿಲಿಗೆ ಒಣಗಿದ ಕಡೆ ಈ ಬ್ಯಾಕ್ಟೀರಿಯಾ ಹೆಚ್ಚು ದಿನ ಬದುಕದು, ನೀರಿನಲ್ಲಿ ವಾರಗಟ್ಟಲೆ ಉಳಿಯುತ್ತದೆ. ಪೈಪಿಗೊಂದು ಕೊಕ್ಕೆ ಹಾಕಿ ತುದಿ ಬಕೆಟ್ಟಿನ ಅಂಚಿನಿಂದ ಒಂದು ಗೇಣು ಮೇಲೆ ನಿಲ್ಲುವಂತೆ ಅವರೇ ಮಾಡಿದರು. ಸಾಲಿಗೊಂದು ಪೈಪು ಎಂದು ನಾವು ಮೊದಲೇ ಕೊಡಿಸಬೇಕಿತ್ತು, ಮರುದಿನ ಕೊಡಿಸಿದೆವು.

ತೊಳೆಯುವುದರಲ್ಲೂ ಒಂದು ಕ್ರಮವಿದೆ. ಲದ್ದಿ, ಕೀವು, ಜೊಲ್ಲು ಅಂಟಿದ ಮೇಲೆಯೇ ಕ್ರಿಮಿನಾಶಕ ಸುರಿದರೆ ದಂಡ, ಅದರ ಶಕ್ತಿಯೆಲ್ಲ ಕೊಳೆಯಲ್ಲೇ ಮುಗಿಯುತ್ತದೆ. ಮೊದಲು ಸೋಪಿನ ನೀರಲ್ಲಿ ಉಜ್ಜಿ, ತೊಳೆದು, ನೀರು ಇಳಿದ ಮೇಲೆ ಔಷಧ, ಹತ್ತು ನಿಮಿಷ ಹಾಗೇ ಬಿಟ್ಟು ಮತ್ತೆ ತೊಳೆದು, ಬಿಸಿಲಿಗೆ. ಆಗಸ್ಟ್ ಸೆಪ್ಟೆಂಬರಿನ ಬೆಂಗಳೂರಿನಲ್ಲಿ ಬಿಸಿಲು ಎಲ್ಲಿ? ಮಧ್ಯಾಹ್ನ ಅರ್ಧ ಗಂಟೆ ಬಿಸಿಲು ಇಣುಕಿದರೂ ಊಟ ಬಿಟ್ಟೆದ್ದು ಬಕೆಟ್ಟುಗಳನ್ನು ಅಂಗಳಕ್ಕೆ ತಂದು ಕವುಚಿ ಹಾಕಿದರು.

ಕಸ್ತೂರಿಯ ಗಂಟಿನ ವಿಷಯ ಹೇಳಲೇಬೇಕು. ಆರು ವರ್ಷದ ಹೆಣ್ಣು ಕುದುರೆ, ದವಡೆಯ ಕೆಳಗೆ ನಿಂಬೆಹಣ್ಣಿನಷ್ಟಿದ್ದ ಗಂಟು ನಾಲ್ಕು ದಿನದಲ್ಲಿ ಮೂಸಂಬಿಯಷ್ಟಾಯಿತು. ದಿನಕ್ಕೆ ಮೂರು ಸಲ ಶಾಖ. ಮುಂಗೈಗೆ ತಾಳುವಷ್ಟು ಬಿಸಿ ನೀರಲ್ಲಿ ಟವೆಲ್ ಅದ್ದಿ ಹಿಂಡಿ ಗಂಟಿಗೆ ಒತ್ತಿ ಹಿಡಿಯುವುದು, ಆರಿದ ತಕ್ಷಣ ಬದಲಿಸುವುದು, ಹೀಗೆ ಇಪ್ಪತ್ತು ನಿಮಿಷ. ನೋವಿರುವ ಕುದುರೆ ತಲೆ ಕೊಡವುತ್ತದೆ, ಹಿಡಿದವನ ಗದ್ದಕ್ಕೆ ಬಡಿಯುತ್ತದೆ. ಅವಸರಪಟ್ಟು ಗಟ್ಟಿಯಿರುವಾಗಲೇ ಕೊಯ್ದರೆ ಕೀವು ಬರುವುದಿಲ್ಲ, ಗಾಯ ಮಾತ್ರ ಆಗುತ್ತದೆ. ನಡುವೆ ಒಂದು ಕಡೆ ಕೂದಲು ಉದುರಿ, ಚರ್ಮ ತೆಳುವಾಗಿ, ಬೆರಳಿಟ್ಟರೆ ಮೆತ್ತಗೆ ಒಳಗೆ ಹೋಗಬೇಕು. ‘ಇವತ್ತು ಹಣ್ಣಾಗಿದೆ, ಡಾಕ್ಟರಿಗೆ ಹೇಳಿ’ ಎಂದವರು ಸೈಸ್. ಕೊಯ್ದಾಗ ಅರ್ಧ ಲೋಟಕ್ಕೂ ಮೀರಿ ಗಟ್ಟಿ ಕೆನೆಯಂಥ ಕೀವು ಬಂತು. ಒಂದು ಹನಿಯೂ ನೆಲಕ್ಕೆ ಬೀಳದಂತೆ ಬೇಸಿನ್ ಹಿಡಿದು, ಹತ್ತಿ, ಬಟ್ಟೆ ಎಲ್ಲ ಸುಟ್ಟರು. ಆಮೇಲೆ ದಿನಾ ಪೊವಿಡೋನ್ ಅಯೋಡಿನ್ ಬೆರೆಸಿದ ನೀರಲ್ಲಿ ತೊಳೆದು, ಕೀವು ಹರಿಯುವ ಜಾಗದ ಚರ್ಮ ಬೇಯದಂತೆ ಕೆಳಗೆ ವ್ಯಾಸಲೀನ್ ಸವರುವುದು. ತೊಳೆದ ಮರುಗಳಿಗೆ ಅದು ತಲೆ ತಗ್ಗಿಸಿ ಅವರ ಹೆಗಲ ಮೇಲೆ ಇಟ್ಟಿತು.

ತೂಫಾನ್‌ಗೆ ಗಂಟು ಒಳಗಡೆ. ಕತ್ತು ಮುಂದೆ ಚಾಚಿ ನಿಲ್ಲುತ್ತಿತ್ತು, ಕುಡಿದ ನೀರು ಮೂಗಿನಿಂದ ವಾಪಸ್ಸು. ಒಂದು ರಾತ್ರಿ ಎರಡು ಗಂಟೆಗೆ ಘೊರಘೊರ ಸದ್ದು ಇದ್ದಕ್ಕಿದ್ದಂತೆ ಸಣ್ಣ ಶಿಳ್ಳೆಯಾಯಿತು. ನಿದ್ದೆಗಣ್ಣಲ್ಲಿ ಆ ವ್ಯತ್ಯಾಸ ಕೇಳಿಸಿಕೊಳ್ಳಲು ಎಂಥ ಕಿವಿ ಬೇಕು! ಡಾಕ್ಟರು ಬಂದು ಕತ್ತಿನ ಮುಂಭಾಗದಲ್ಲಿ ಶ್ವಾಸನಾಳಕ್ಕೆ ರಂಧ್ರ ಮಾಡಿ ಟ್ಯೂಬ್ ಇಟ್ಟರು. ಆ ಟ್ಯೂಬ್ ಕಫ ಒಣಗಿ ಮುಚ್ಚಿಕೊಂಡರೆ ಮುಗಿಯಿತು. ಹಾಗಾಗಿ ಎರಡು ಟ್ಯೂಬ್, ಒಂದು ಕತ್ತಿನಲ್ಲಿ, ಒಂದು ತೊಳೆದು ಸಿದ್ಧ. ಹಗಲು ರಾತ್ರಿ ಮೂರು ಗಂಟೆಗೊಮ್ಮೆ ಬದಲಿಸಿ, ಸುತ್ತ ನೊಣ ಕೂರದಂತೆ ಕಾದು, ಹನ್ನೊಂದು ದಿನ ಇಬ್ಬರು ಸರದಿಯಲ್ಲಿ ಎದ್ದರು.

ಹಸಿರು ಸಾಲಿನವರ ಕೆಲಸ ಕಣ್ಣಿಗೆ ಬೀಳುವಂಥದ್ದಲ್ಲ, ಅದಕ್ಕೇ ಹೇಳುತ್ತೇವೆ. ಸವಾರಿ ಇಲ್ಲದೆ ಬಾಕ್ಸಿನಲ್ಲೇ ನಿಂತ ಕುದುರೆಗೆ ಎಂದಿನಷ್ಟೇ ದಾಣಿ ಹಾಕಿದರೆ ಸ್ನಾಯು ಕಟ್ಟುತ್ತದೆ, ಹೊಟ್ಟೆನೋವು ಬರುತ್ತದೆ. ಕುದುರೆಗೆ ವಾಂತಿ ಆಗುವುದಿಲ್ಲ, ಹೊಟ್ಟೆ ಕೆಟ್ಟರೆ ಪ್ರಾಣಕ್ಕೇ ಬರಬಹುದು. ಅವರು ಓಟ್ಸ್ ಮತ್ತು ಹುರುಳಿಯನ್ನು ಮೊದಲ ದಿನವೇ ಅರ್ಧಕ್ಕೆ ಇಳಿಸಿದರು, ಒಣಹುಲ್ಲು ಹೆಚ್ಚಿಸಿದರು, ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಹಿಡಿದು ಹಿಡಿದು ಕೊಟ್ಟರು. ಬಕೆಟ್ಟಿಗೆ ಗೆರೆ ಎಳೆದು ಯಾವುದು ಎಷ್ಟು ಲೀಟರ್ ಕುಡಿಯಿತು ಎಂದು ಬರೆದಿಟ್ಟರು. ಮಳೆಗೆ ಹಾಸು ಒದ್ದೆಯಾಗಿ ಗೊರಸು ಕೊಳೆಯದಂತೆ ದಿನಕ್ಕೆರಡು ಸಲ ಕೆರೆದು, ಮೂಸಿ ನೋಡಿದರು. ಗೊರಸಿನ ನಡುವಿನ ಮೆತ್ತನೆ ಭಾಗ ಕೊಳೆಯಲು ಶುರುವಾದರೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತದೆ. 94 ದಿನದಲ್ಲಿ ಒಂದೇ ಒಂದು ಹೊಟ್ಟೆನೋವಿನ ಪ್ರಕರಣವೂ ಆಗಲಿಲ್ಲ.

ಆಯುಧ ಪೂಜೆಗೆ ಈ ಸಲ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವು ಯಾವುದೂ ಇಲ್ಲ. ಸೈಸ್‌ಗಳೇ ಗೇಟಿನ ಬಳಿ ಒಂದು ಬೂದುಗುಂಬಳ ಒಡೆದು ಒಳಗೆ ಹೋದರು.

ಹುಲ್ಲಿನ ಲೋಡನ್ನು ಗೇಟಿನ ಹೊರಗೇ ಇಳಿಸಿ ಹೋದ ಲಾರಿಯವರಿಗೆ, ನಮ್ಮನ್ನು ದಿನದ ಕೊನೆಯ ಕೆಲಸವಾಗಿ ಇಟ್ಟುಕೊಂಡು ಹತಾರಗಳನ್ನು ಇಲ್ಲೇ ತೊಳೆದು ಹೋದ ಲಾಳ ಕಟ್ಟುವವರಿಗೆ, ಟೀ ಫ್ಲಾಸ್ಕನ್ನು ಕಾಂಪೌಂಡಿನ ಮೇಲಿಟ್ಟು ಹೋಗುತ್ತಿದ್ದ ಎದುರಂಗಡಿಯ ಅಕ್ಕನಿಗೆ, ಗಂಡಂದಿರನ್ನು, ಅಪ್ಪಂದಿರನ್ನು ನಮಗೆ ಬಿಟ್ಟುಕೊಟ್ಟ ಮನೆಯವರಿಗೆ ಕೈಮುಗಿಯುತ್ತೇವೆ.

ಸೈಸ್ ಅಣ್ಣಂದಿರೇ, ತಮ್ಮಂದಿರೇ, ನಿಮಗೆ ಮಾತು ಮಾತ್ರ ಕೊಟ್ಟರೆ ಸಾಲದು. ರಾತ್ರಿ ಎದ್ದ ಲೆಕ್ಕವೆಲ್ಲ ನಿಮ್ಮ ಪುಸ್ತಕದಲ್ಲೇ ಇದೆ, ಅದರ ಹಣ ಈ ತಿಂಗಳ ಸಂಬಳದ ಜೊತೆ ಬರುತ್ತದೆ. ಸರದಿಯ ಮೇಲೆ ಎಲ್ಲರಿಗೂ ಹದಿನೈದು ದಿನ ಸಂಬಳ ಸಹಿತ ರಜೆ, ಊರಿಗೆ ಹೋಗಿಬನ್ನಿ. ಎಲ್ಲರಿಗೂ ಧನುರ್ವಾಯು ಇಂಜೆಕ್ಷನ್ ಮಾಡಿಸುತ್ತೇವೆ. ಹಿಂದಿನ ಬೇಲಿಯ ಬಳಿ ಬೇರೆ ನೀರು, ಬೇರೆ ಲದ್ದಿಗುಂಡಿ ಇರುವ ಎರಡು ಬಾಕ್ಸ್ ಕಟ್ಟಲು ಪಾಯ ತೆಗೆದಾಗಿದೆ. ಹೊಸ ಕುದುರೆ ಯಾವುದೇ ಬರಲಿ, ಯಾರದೇ ಇರಲಿ, ಮೂರು ವಾರ ಅಲ್ಲೇ. ಅದು ಸಾಲಿಗೆ ಬರಬಹುದೋ ಇಲ್ಲವೋ ಎಂದು ಡಾಕ್ಟರ ಜೊತೆ ಹಿರಿಯ ಸೈಸ್ ಕೂಡ ಸಹಿ ಹಾಕಬೇಕು.

ಒಂದು ಕುದುರೆ ಮಾತ್ರ ಇನ್ನೂ ಮೂಲೆಯ ಬಾಕ್ಸಿನಲ್ಲೇ ಇದೆ, ಮಕ್ಕಳು ಸವಾರಿ ಕಲಿಯುವ ನಮ್ಮ ಮುದಿ ಪೋನಿ. ನೋಡಲು ಪೂರ್ತಿ ವಾಸಿಯಾಗಿದೆ. ಆದರೆ ಕುದುರೆಯ ಗಂಟಲಿನ ಮೇಲ್ಭಾಗದಲ್ಲಿ, ಕಿವಿಗಳ ಕೆಳಗೆ, ಗಾಳಿ ತುಂಬಿದ ಎರಡು ಚೀಲಗಳಿವೆ. ಅಲ್ಲಿ ಉಳಿದ ಕೀವು ಒಣಗಿ ಕಾಳುಗಟ್ಟಿದರೆ ಕುದುರೆ ತಿಂಗಳುಗಟ್ಟಲೆ ಸದ್ದಿಲ್ಲದೆ ರೋಗ ಹರಡಬಲ್ಲದು. ಎರಡು ಸಲ ಎಂಡೋಸ್ಕೋಪ್ (ಒಳಗೆ ನೋಡುವ ಕ್ಯಾಮೆರಾ ಕೊಳವೆ) ಹಾಕಿ ತೊಳೆದಾಗಿದೆ, ಮೂರನೆಯದು ಮುಂದಿನ ಗುರುವಾರ. ಅಲ್ಲಿಯವರೆಗೆ ಅದರ ಇಬ್ಬರು ಸೈಸ್‌ಗಳು ಕೆಂಪು ಟೇಪಿನ ಬಕೆಟ್ಟು ಹಿಡಿದು ಬೇರೆಯೇ ಇರುತ್ತಾರೆ. ಭಾನುವಾರದ ಊಟಕ್ಕೆ ಬರುವವರು ಆ ಕಡೆ ಹೋಗಬೇಡಿ. ಅವರಿಬ್ಬರ ಎಲೆಯನ್ನು ನಾವೇ ತೆಗೆದುಕೊಂಡು ಹೋಗಿ ಗೆರೆಯ ಈಚೆ ಇಡುತ್ತೇವೆ.