79 ಕೆಜಿ ಮಿಠಾಯಿ, ಮತ್ತೆ ನಿನಗೊಂದು ಪತ್ರ

ಲೋ ಕಮಿಷನರ್,

ಪತ್ರ ಬರೆದು ಯಾವ ಕಾಲವಾಯ್ತೋ. ಬರೆದರೂ ನಿನಗೊಬ್ಬನಿಗೇ ಕಳಿಸದೆ ಹೀಗೆ ಎಲ್ಲರೆದುರು ಹಾಕುತ್ತಿದ್ದೇನೆ. ಬೈಬೇಡ. ಒಬ್ಬನಿಗೇ ಕಳಿಸಿದರೆ ನೀನು ಓದಿದೆ ಅನ್ನೋದಕ್ಕೆ ಸಾಕ್ಷಿ ಇರೋದಿಲ್ಲ. ಇಣುಕುತ್ತಿರುವ ಉಳಿದ ಮಹನೀಯರೇ, ನೀವೂ ಕೂತ್ಕೊಳ್ಳಿ. ಛತ್ರಿ ಪ್ರಕರಣವೊಂದನ್ನು ಮಾತ್ರ ಕೇಳಬೇಡಿ.

ಈಚೆಗೆ ನನಗೊಂದು ಹೊಸ ಹುಚ್ಚು. ಈಗಿನ ಕಲಾವಿದರು ತಮ್ಮ ಗಾಯ, ದುಃಖ, ಚೇತರಿಕೆ ಎಲ್ಲವನ್ನೂ ತಂದು ಗ್ಯಾಲರಿ ಮಧ್ಯೆ ಇಡುತ್ತಾರಲ್ಲ, ಅದನ್ನು ಹುಡುಕಿ ಹುಡುಕಿ ನೋಡುವುದು. ನೋಡಿದ್ದೆಲ್ಲ ಲ್ಯಾಪ್‌ಟಾಪಿನಲ್ಲೇ, ನಿದ್ದೆ ಬಾರದ ರಾತ್ರಿಗಳಲ್ಲಿ. ಆದರೂ ಅಭಿಪ್ರಾಯಗಳಿಗೇನೂ ಬರವಿಲ್ಲ, ನಿನಗೆ ಗೊತ್ತಲ್ಲ.

ಫ್ರಾನ್ಸಿನ ಸೋಫಿ ಕಾಲ್ ಅಂತ ಒಬ್ಬಳು. ಅವಳ ಪ್ರಿಯಕರ ಒಂದು ಈಮೇಲ್‌ನಲ್ಲೇ ಸಂಬಂಧ ಮುಗಿಸಿದ. ಕೊನೆಯಲ್ಲಿ 'ಹುಷಾರಾಗಿರು' ಅಂತ ಬೇರೆ ಬರೆದ. ಅವಳು ಆ ಪತ್ರವನ್ನು 107 ಹೆಂಗಸರ ಕೈಗೆ ಕೊಟ್ಟು, ನಿಮ್ಮ ನಿಮ್ಮ ಕಸುಬಿನ ಪ್ರಕಾರ ಇದನ್ನು ಓದಿ ಹೇಳಿ ಅಂದಳು. ವಕೀಲೆ ಓದಿದಳು, ಕರಡು ತಿದ್ದುವವಳು ಓದಿದಳು, ಡಾನ್ಸರ್ ಕುಣಿದಳು. ಗಿಳಿಯೊಂದು ಕಾಗದವನ್ನೇ ಕಚ್ಚಿ ಚಿಂದಿ ಮಾಡಿತು. 2007ರಲ್ಲಿ ವೆನಿಸ್ ಬಿಯೆನಾಲೆ ಅನ್ನುವ ದೊಡ್ಡ ಕಲಾಮೇಳದಲ್ಲಿ ಇದೆಲ್ಲ ಪ್ರದರ್ಶನಕ್ಕಿತ್ತು. ಗಿಳಿಯ ವಿಮರ್ಶೆಯೇ ಎಲ್ಲಕ್ಕಿಂತ ನೇರ ಅನಿಸಿತು ನನಗೆ.

ಅದೇ ವರ್ಷ ಲಂಡನ್ನಿನ ಟೇಟ್ ಮಾಡರ್ನ್ ಮ್ಯೂಸಿಯಂನಲ್ಲಿ ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ ನೆಲವನ್ನೇ ಸೀಳಿಸಿದಳು. 167 ಮೀಟರ್ ಉದ್ದದ ಬಿರುಕು. ಮುಂದಿನ ವರ್ಷ ಮುಚ್ಚಿದರು, ಗೆರೆ ಉಳಿಯಿತು. ಇದರ ಬಗ್ಗೆ ಭಾರೀ ಗಂಭೀರವಾಗಿ ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ಬಿಡು.

ನಾನು ಸಿಕ್ಕಿಹಾಕಿಕೊಂಡಿದ್ದು ಮಿಠಾಯಿಯಲ್ಲಿ.

ಫೆಲಿಕ್ಸ್ ಗೊನ್ಸಾಲೆಸ್-ಟೊರೆಸ್ ಅನ್ನುವ ಕಲಾವಿದ 1991ರಲ್ಲಿ ಮಾಡಿದ್ದು. ಗೋಡೆಯ ಮೂಲೆಯಲ್ಲಿ ಬಣ್ಣದ ಕಾಗದ ಸುತ್ತಿದ ಮಿಠಾಯಿ ರಾಶಿ, ಅಷ್ಟೇ. ತೂಕ 175 ಪೌಂಡ್, ಹತ್ತಿರ ಹತ್ತಿರ 79 ಕೆಜಿ. ಅವನ ಸಂಗಾತಿ ರಾಸ್ ಲೇಕಾಕ್ ಅದೇ ವರ್ಷ ಏಡ್ಸ್‌ನಿಂದ ತೀರಿಕೊಂಡ. ಈ ರಾಶಿಯೇ ರಾಸ್‌ನ ಭಾವಚಿತ್ರ. ಬಂದವರು ಒಂದೊಂದು ಎತ್ತಿಕೊಂಡು ಬಾಯಿಗೆ ಹಾಕಿಕೊಳ್ಳಬಹುದು. ಕಾಯಿಲೆ ಬಿದ್ದವನ ಮೈ ಇಳಿದ ಹಾಗೆ ರಾಶಿ ಇಳಿಯುತ್ತದೆ. ಆಮೇಲೆ ಮ್ಯೂಸಿಯಂನವರು ಮತ್ತೆ ತಂದು ಸುರಿಯಬಹುದು. ಕಲಾವಿದನೂ 1996ರಲ್ಲಿ ಅದೇ ಕಾಯಿಲೆಯಿಂದ ಹೋದ. ರಾಶಿ ಇದೆ.

2022ರಲ್ಲಿ ಒಂದು ತಕರಾರಾಯಿತು. ಚಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಪಕ್ಕದ ಗೋಡೆಯ ವಿವರಣೆ ಬದಲಾಗಿತ್ತು. ರಾಸ್ ಯಾರು, ಏನಾಗಿ ಹೋದ, ಒಂದೂ ಇಲ್ಲ. 175 ಪೌಂಡ್ ಅಂದರೆ ಗಂಡಸೊಬ್ಬನ ಸರಾಸರಿ ತೂಕ ಅಂತಿತ್ತು. ಜನ ಸಿಟ್ಟಾದರು. ಕೊನೆಗೆ ಮ್ಯೂಸಿಯಂ ರಾಸ್‌ನನ್ನು ವಾಪಸ್ ಸೇರಿಸಿತು.

ಸರಾಸರಿ ಗಂಡಸು! ನನ್ನ ಓದು ಅಲ್ಲಿಗೇ ನಿಂತಿತು.

ಅಕ್ಕ ಹೋದಮೇಲೆ ನಮ್ಮನೆಯಲ್ಲೂ ಯಾರೋ ಗೋಡೆಯ ಬರಹ ಬದಲಾಯಿಸಿದ್ದಾರೆ. ಕೆಟ್ಟ ಮನಸ್ಸಿನಿಂದ ಅಲ್ಲ, ನನಗೆ ನೋವಾಗಬಾರದು ಅಂತ. ಅವಳ ಹೆಸರು ಬರಬೇಕಾದ ಕಡೆ ಮಾತು ಸರಕ್ಕನೆ ಪಕ್ಕಕ್ಕೆ ಸರಿಯುತ್ತದೆ. 'ಆಗ ಅದೆಲ್ಲ ಆಯ್ತಲ್ಲ' ಅನ್ನುತ್ತಾರೆ. 'ಈಗ ಪರವಾಗಿಲ್ಲ, ಚೇತರಿಸಿಕೊಂಡಿದ್ದಾನೆ' ಅಂತ ಯಾರೋ ಅಂದದ್ದು ಕಿವಿಗೆ ಬಿತ್ತು. ಹೊಟ್ಟೆ ಉರಿಯಿತು ಕಣೋ. ನಿಜವೇ, ಚೇತರಿಸಿಕೊಂಡಿದ್ದೇನೆ. ಊಟ ಸೇರುತ್ತದೆ, ನಗು ಬರುತ್ತದೆ. ಅವಳ ದನಿ ನೆನಪಿಸಿಕೊಳ್ಳಲು ಮಾತ್ರ ಕಣ್ಣು ಮುಚ್ಚಬೇಕು, ಮುಚ್ಚಿದರೂ ಕೆಲವು ಸಲ ಬರೋದಿಲ್ಲ. ವಾಸಿಯಾಗುವುದು ಅಂದರೆ ಇದೇ ಆದರೆ ನನಗೆ ಬೇಡ.

ಪತ್ತೇದಾರಿ ಕಾದಂಬರಿಯ ಕೊನೆಯ ಪುಟ ಮೊದಲು ಓದಿ, ಕೊಲೆಗಾರ ಯಾರು ಅಂತ ನನ್ನ ಕಿವಿಯಲ್ಲಿ ಕೂಗಿ ಓಡಿಹೋಗುತ್ತಿದ್ದಳು ಅವಳು. ಅದು ಯಾವ ಸರಾಸರಿಗೆ ಬರುತ್ತೆ ಹೇಳು? ಯಾರಾದರೂ ಬಂದು ಅವಳ ಬಗ್ಗೆ ಕೇಳಲಿ, ಒಂದೊಂದು ಚೂರು ತಗೊಂಡು ಹೋಗಲಿ ಅನಿಸುತ್ತದೆ. ಕಡಿಮೆಯಾದರೆ ತುಂಬಲು ನಾನಿದ್ದೇನೆ. ಒಬ್ಬನೇ ಈ ರಾಶಿಗೆ ಕಾವಲು ಕೂತು ಕೂತು ಸಾಕಾಗಿದೆ.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಕಲೆಯ ಬಗ್ಗೆ ನಾಲ್ಕು ಜಾಣ ಮಾತು ಹೇಳಿ, ಲೈಕ್ ಎಣಿಸಿ ಮಲಗೋಣ ಅಂದುಕೊಂಡಿದ್ದೆ. ಈಗ ನೋಡು, ಸುಮ್ನೆ ಇಣುಕಲು ಬಂದವರೆಲ್ಲ ಕರ್ಚೀಫು ಹುಡುಕುವ ಹಾಗಾಯ್ತು. ಮಹನೀಯರೇ, ಪ್ರದರ್ಶನ ಮುಗಿಯಿತು, ಸಾಲಾಗಿ ಹೊರಗೆ ನಡೀರಿ. ಯಾರ ಜೊತೆಗಾದರೂ ಗಿಳಿ ಬಂದಿದ್ದರೆ ಅದು ಮಾತ್ರ ಇಲ್ಲೇ ಇರಲಿ.

ಕಮಿಷನರ್, ನೀನು ಇಲ್ಲಿ 'ಧೈರ್ಯ ತಗೋ' ಅಂತ ಬರೆದೆಯೋ, ಒದೆ ತಿನ್ನುತ್ತೀಯ. ಫೋನ್ ಮಾಡು. ನೀನೂ ಅವಳೂ ಸೇರಿ ನನಗೊಂದು ಅಡ್ಡಹೆಸರು ಇಟ್ಟಿದ್ದಿರಲ್ಲ, ಎಷ್ಟು ಬೇಡಿಕೊಂಡರೂ ಇಬ್ಬರೂ ಹೇಳಲಿಲ್ಲ. ಅದನ್ನು ಹೇಳು. ಮರ್ಯಾದೆ ಹೋಗುವಂಥದ್ದಾದರೂ ಪರವಾಗಿಲ್ಲ, ಉಳಿದಿರೋದು ಅಷ್ಟರಲ್ಲೇ ಇದೆ.

ನಿನ್ನ,
ಉಪ ಛತ್ರಿಪಾಲಕ

ವಿ.ಸೂ.: ಸ್ಕ್ರೂಡ್ರೈವರ್ ನನ್ನ ಹತ್ರ ಇಲ್ಲ. ಇದ್ದರೂ ಕೊಡೋದಿಲ್ಲ.