ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಕರೆಂಟ್ ಹೋಗುವ ಪರೀಕ್ಷೆಯೂ ಇರಲಿ

ಮಾನ್ಯ ಸಂಪಾದಕರೇ,

ಒಂದೇ ಸರ್ವರ್ ನೆಚ್ಚಿಕೊಳ್ಳದೆ ಯಂತ್ರದಿಂದ ಯಂತ್ರಕ್ಕೆ ನೇರವಾಗಿ ಮಾಹಿತಿ ಹಂಚುವ ಪೀರ್-ಟು-ಪೀರ್ ಆ್ಯಪ್ ನಮ್ಮ ಭಾಗಕ್ಕೆ ಹೇಳಿ ಮಾಡಿಸಿದ್ದು. ತೊಗರಿ ಧಾರಣೆ ಇರಲಿ, ಪಂಚಾಯ್ತಿ ಗ್ರಂಥಾಲಯಗಳಿಗೆ ಬೇಕಾದ ಪಾಠದ ವಿಡಿಯೊ ಇರಲಿ, ಪ್ರತಿ ಸಲ ಬೆಂಗಳೂರಿನ ಸರ್ವರ್ ತನಕ ಹೋಗಿಬರಬೇಕಿಲ್ಲ. ಕಲಬುರಗಿ, ಬೀದರ್, ಯಾದಗಿರಿಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂಥದ್ದನ್ನು ಕೊನೆಯ ವರ್ಷದ ಪ್ರಾಜೆಕ್ಟಿಗೆ ಎತ್ತಿಕೊಳ್ಳಬೇಕು. ಆದರೆ ಯುಪಿಎಸ್ ಇರುವ ಲ್ಯಾಬಿನಲ್ಲಿ, ಒಂದೇ ಸ್ವಿಚ್‌ಗೆ ಜೋಡಿಸಿದ ಹತ್ತು ಕಂಪ್ಯೂಟರ್‌ಗಳ ಮೇಲೆ ಓಡಿಸಿ ತೋರಿಸಿದರೆ ಅದರ ಗಟ್ಟಿತನ ತಿಳಿಯುವುದಿಲ್ಲ. ಅಲ್ಲಿ ಯಾವ ನೋಡ್ (ಜಾಲಕ್ಕೆ ಸೇರಿದ ಯಂತ್ರ) ಕೂಡ ನಡುವೆ ಕೈಕೊಡುವುದಿಲ್ಲ. ಚಿಂಚೋಳಿಯಲ್ಲೋ ಸುರಪುರದಲ್ಲೋ ಕರೆಂಟ್ ಹೋಗುತ್ತದೆ, ಡೇಟಾ ಮುಗಿಯುತ್ತದೆ, ಬ್ಯಾಟರಿ ಉಳಿಸಲು ಫೋನೇ ಆ್ಯಪ್ ಮುಚ್ಚಿಬಿಡುತ್ತದೆ. ಆದ್ದರಿಂದ ನೋಡ್‌ಗಳನ್ನು ಬೇಕೆಂದೇ ಕೊಲ್ಲುವ ಪರೀಕ್ಷೆ ಮೌಲ್ಯಮಾಪನದಲ್ಲಿ ಕಡ್ಡಾಯವಾಗಲಿ ಎಂಬುದು ನಮ್ಮ ಕೋರಿಕೆ.

ತಪ್ಪು ಮೊದಲು ಆಗುವುದು ನೋಡ್ ಸೇರುವಾಗಲೇ. ಬೇಕಾದ ಮಾಹಿತಿ ಯಾವ ನೋಡ್ ಬಳಿ ಇದೆಯೆಂದು ಹುಡುಕಲು 2001ರಲ್ಲಿ ಅಮೆರಿಕದ ಎಂಐಟಿಯವರು ಪ್ರಕಟಿಸಿದ ಕೋರ್ಡ್ ವಿಧಾನದಲ್ಲಿ ನೋಡ್‌ಗಳೆಲ್ಲ ಒಂದು ಉಂಗುರದಲ್ಲಿ ಕೂರುತ್ತವೆ. 1,024 ನೋಡ್ ಇದ್ದರೆ ನೋಡ್ ಇಂದ ನೋಡ್ ಗೆ ಸರಾಸರಿ 5 ಜಿಗಿತದಲ್ಲಿ ಬೇಕಾದದ್ದು ಸಿಗುತ್ತದೆ. ಪ್ರತಿಯೊಂದಕ್ಕೂ ತನ್ನ ಮುಂದಿನ ನೋಡ್ ಯಾವುದೆಂದು ಸರಿಯಾಗಿ ಗೊತ್ತಿದ್ದರೆ ಹುಡುಕಾಟ ದಾರಿ ತಪ್ಪದು. ದೂರ ಜಿಗಿಯಲು ಇಟ್ಟ ಫಿಂಗರ್ ಪಟ್ಟಿ ಹಳತಾದರೆ ನಿಧಾನವಾಗುತ್ತದೆ, ಅಷ್ಟೆ. ಹೊಸ ನೋಡ್ ಬಂದ ಕೂಡಲೇ ಹಿಂದಿನದು, ಮುಂದಿನದು ಎರಡನ್ನೂ ತಾನೇ ತಿದ್ದುವಂತೆ ಕೋಡ್ ಬರೆದರೆ, ಒಂದೇ ಸಂದಿಗೆ ಇಬ್ಬರು ಒಟ್ಟಿಗೆ ನುಗ್ಗಿದಾಗ ಒಬ್ಬರು ಉಂಗುರದ ಹೊರಗೇ ಉಳಿಯುತ್ತಾರೆ. ಹೊಸ ನೋಡ್ ತನ್ನ ಮುಂದಿನದನ್ನಷ್ಟೇ ಬರೆದುಕೊಳ್ಳಬೇಕು. ಆಮೇಲೆ ಪ್ರತಿ ನೋಡ್ ಕೆಲವು ಸೆಕೆಂಡಿಗೊಮ್ಮೆ ಮುಂದಿನದನ್ನು 'ನಿನ್ನ ಹಿಂದೆ ಯಾರಿದ್ದಾರೆ' ಎಂದು ಕೇಳಿ, ನಡುವೆ ಯಾರಾದರೂ ಬಂದಿದ್ದರೆ ಅವರನ್ನು ಹಿಡಿದುಕೊಂಡು, ಕೊನೆಗೆ ತನ್ನ ಮುಂದಿನದಕ್ಕೆ 'ನಿನ್ನ ಹಿಂದೆ ನಾನಿದ್ದೇನೆ' ಎಂದು ತಿಳಿಸಬೇಕು. ಮುಂದಿನದು ಒಂದೇ ಸಾಲದು, ಪಟ್ಟಿಯೇ ಇರಲಿ. ಹೀಗೆ ಕೊಂಡಿ ಸರಿಪಡಿಸುವ ಎರಡು ರಿಪೇರಿಗಳ ನಡುವೆ ಅರ್ಧದಷ್ಟು ನೋಡ್‌ಗಳು ಹೋದರೂ, 10 ಹೆಸರಿನ ಪಟ್ಟಿ ಪೂರಾ ಸಾಯುವ ಸಾಧ್ಯತೆ 1,024ಕ್ಕೆ ಒಂದು. 20 ಇದ್ದರೆ ಹತ್ತು ಲಕ್ಷಕ್ಕೆ ಸುಮಾರು ಒಂದು.

ಎಲ್ಲಕ್ಕಿಂತ ಹೆಚ್ಚು ಪ್ರಾಜೆಕ್ಟ್‌ಗಳನ್ನು ಕೆಡಿಸಬಲ್ಲದ್ದು ಟೈಮ್‌ಔಟ್, ಅಂದರೆ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕೆಂಬ ಮಿತಿ. ಲ್ಯಾಬಿನಲ್ಲಿ ಉತ್ತರ ಒಂದು ಮಿಲಿಸೆಕೆಂಡಿನಲ್ಲಿ ಬರುತ್ತದೆಂದು 200 ಮಿಲಿಸೆಕೆಂಡ್ ಮಿತಿ ಇಟ್ಟರೆ, ಮೊಬೈಲ್ ನೆಟ್‌ವರ್ಕ್ ತುಸು ಎಳೆದಾಡಿದರೂ ಬದುಕಿರುವ ನೋಡ್‌ಗಳನ್ನೆಲ್ಲ ಸತ್ತವೆಂದು ಬರೆದುಬಿಡುತ್ತದೆ. ಕೂಡಲೇ ರಿಪೇರಿ ಶುರು, ಸತ್ತ ನೋಡ್ ಬಳಿ ಇದ್ದ ಮಾಹಿತಿಯ ಪ್ರತಿಗಳನ್ನು ಬೇರೆಡೆಗೆ ಸಾಗಿಸುವ ಕೆಲಸ ಶುರು. ಆ ದಟ್ಟಣೆಯಿಂದ ನೆಟ್‌ವರ್ಕ್ ಇನ್ನೂ ನಿಧಾನವಾಗಿ ಮತ್ತಷ್ಟು ನೋಡ್‌ಗಳು 'ಸಾಯುತ್ತವೆ'. 2004ರಲ್ಲೇ ಅಮೆರಿಕದ ಬರ್ಕ್ಲಿಯ ಸಂಶೋಧಕರು ಈ ಸುಳಿಯನ್ನು ತೋರಿಸಿಕೊಟ್ಟಿದ್ದಾರೆ: ಒಬ್ಬರು ಹೋದರೆಂದು ತಕ್ಷಣ ಓಡದೆ, ಗೊತ್ತಾದ ಅಂತರದಲ್ಲಿ ರಿಪೇರಿ ಮಾಡಬೇಕು. ಟೈಮ್‌ಔಟ್ ಅನ್ನು ಪ್ರತಿ ನೋಡ್‌ಗೆ ಅಳೆದೇ ಇಡಬೇಕು. ಇಂಟರ್ನೆಟ್ಟಿನಲ್ಲಿ ಮಾಹಿತಿ ಸಾಗಿಸುವ ಟಿಸಿಪಿ ಮಾಡುವಂತೆ, ಉತ್ತರ ಬರುವ ಸರಾಸರಿ ಸಮಯಕ್ಕೆ ಏರಿಳಿತದ ನಾಲ್ಕು ಪಟ್ಟು ಕೂಡಿಸಿದರೆ ಸಾಕು.

ಇನ್ನು ಮರಳಿ ಬಂದ ನೋಡ್. ವಾರ ಆಫ್ ಆಗಿದ್ದ ಫೋನ್ ಹಳೆಯ ಧಾರಣೆ ಹೊತ್ತು ಬರುತ್ತದೆ. ಯಾವುದು ಹೊಸದೆಂದು ಫೋನಿನ ಗಡಿಯಾರ ನೋಡಿ ನಿರ್ಧರಿಸಬಾರದು, ಅದು ತಪ್ಪಿರಬಹುದು; ಬರೆಯುವ ಪ್ರತಿ ನೋಡ್‌ಗೂ ಒಂದೊಂದು ಎಣಿಕೆ ಇಟ್ಟು, ಆ ಎಣಿಕೆಗಳ ಪಟ್ಟಿಯಾದ ವೆಕ್ಟರ್ ಕ್ಲಾಕ್‌ನಿಂದ ಹೋಲಿಸಬೇಕು. ದಾಖಲೆ ಅಳಿಸಿದಾಗ 'ಅಳಿಸಲಾಗಿದೆ' ಎಂಬ ಗುರುತು ಉಳಿಯದಿದ್ದರೆ, ಆ ಹಳೆಯ ಫೋನ್ ಅದನ್ನು ಮತ್ತೆ ಎಲ್ಲರಿಗೂ ಹಂಚುತ್ತದೆ.

ನಾವು ಹೇಳುವ ಪರೀಕ್ಷೆಗೆ ಹೊಸ ಖರ್ಚಿಲ್ಲ. ಲಿನಕ್ಸ್ ಇರುವ ಒಂದು ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ನೇಮ್‌ಸ್ಪೇಸ್ (ಒಂದೇ ಯಂತ್ರದೊಳಗೆ ಬೇರೆ ಬೇರೆ ಜಾಲ ತೋರಿಸುವ ಸೌಲಭ್ಯ) ಬಳಸಿ 50 ನೋಡ್ ಎಬ್ಬಿಸಿ. ಜಾಲವನ್ನು ಬೇಕೆಂದೇ ನಿಧಾನಗೊಳಿಸುವ ಲಿನಕ್ಸ್ ಸಾಧನ ನೆಟ್‌ಎಮ್‌ನಿಂದ 200 ಮಿಲಿಸೆಕೆಂಡ್ ವಿಳಂಬ, ಶೇ 5 ಪ್ಯಾಕೆಟ್ ನಷ್ಟ ಹಾಕಿ. ಪ್ರತಿ 30 ಸೆಕೆಂಡಿಗೆ ಮನಸ್ಸಿಗೆ ಬಂದ ಒಂದು ನೋಡ್ ಕೊಂದು, ಇನ್ನೊಂದು ಎಬ್ಬಿಸಿ. ಕೊಲ್ಲುವುದು ಪ್ರೋಗ್ರಾಮನ್ನು ಹಠಾತ್ತನೆ ನಿಲ್ಲಿಸುವ 'ಕಿಲ್ -9' ಆದೇಶದಿಂದಲೇ ಆಗಬೇಕು. ಮೆಲ್ಲಗೆ ನಿಲ್ಲಿಸಿದರೆ ಅದು ನೆರೆಯವರಿಗೆ ಹೇಳಿ ಹೋಗುತ್ತದೆ, ಕರೆಂಟ್ ಹಾಗೆ ಹೇಳಿ ಹೋಗುವುದಿಲ್ಲ. ಒಂದು ಗಂಟೆ ಓಡಿಸಿ, ನೂರು ಹುಡುಕಾಟದಲ್ಲಿ ಎಷ್ಟಕ್ಕೆ ಸರಿ ಉತ್ತರ ಬಂತು, ಎಷ್ಟು ಬೈಟ್ ರಿಪೇರಿಗೇ ಹೋಯಿತು ಎಂದು ವರದಿಯಲ್ಲಿ ಬರೆಸಿ.

'ಸರ್ವರ್ ಬೇಡವೇ ಬೇಡ' ಎಂಬ ಮಾತನ್ನೂ ವರದಿಯಿಂದ ತೆಗೆಸಬೇಕು. ಮೊಬೈಲ್ ಡೇಟಾದಲ್ಲಿರುವ ಫೋನಿಗೆ ಸಾಮಾನ್ಯವಾಗಿ ಹೊರಗಿನಿಂದ ನೇರ ತಲುಪುವ ವಿಳಾಸ ಇರುವುದಿಲ್ಲ. ಮೊಬೈಲ್ ಕಂಪನಿಯ ನ್ಯಾಟ್ (ವಿಳಾಸ ಬದಲಿಸುವ ವ್ಯವಸ್ಥೆ) ಹಿಂದೆ ಎಷ್ಟೋ ಫೋನ್‌ಗಳು ಒಂದೇ ವಿಳಾಸ ಹಂಚಿಕೊಂಡಿರುತ್ತವೆ. ಇಂಥ ಎರಡು ಫೋನ್ ನೇರ ಮಾತಾಡಲು ದಾರಿ ತೆರೆಯುವ ಯುಡಿಪಿ ಹೋಲ್ ಪಂಚಿಂಗ್ ಫಲಿಸದ ಕಡೆ, ನಡುವೆ ನಿಂತು ಮಾಹಿತಿ ದಾಟಿಸುವ ರಿಲೇ ಸರ್ವರ್ ಬೇಕೇ ಬೇಕು. ಸಂಪರ್ಕ ಜೀವಂತ ಇಡಲು 20–25 ಸೆಕೆಂಡಿಗೊಮ್ಮೆ ಪ್ಯಾಕೆಟ್ ಕಳಿಸುತ್ತ ಹೋದರೆ ಬ್ಯಾಟರಿ ಕರಗುತ್ತದೆ. ಆದ್ದರಿಂದ ಫೋನ್‌ಗಳು ಮಾಹಿತಿ ಕೇಳಿ ಪಡೆಯುವವರಾಗಿಯಷ್ಟೇ ಇರಲಿ. ಉಂಗುರದ ಭಾರವನ್ನು ಗ್ರಂಥಾಲಯ, ಕಾಲೇಜಿನ ಕಂಪ್ಯೂಟರ್‌ಗಳು ಹೊರಲಿ. ಹೆಚ್ಚು ಹೊತ್ತು ಇದ್ದ ನೋಡ್ ಇನ್ನೂ ಹೆಚ್ಚು ಹೊತ್ತು ಇರುವ ಸಂಭವವೇ ಜಾಸ್ತಿ ಎಂದು ಕೋರ್ಡ್ ಥರದ್ದೇ ಇನ್ನೊಂದು ವಿಧಾನ, 2002ರ ಕೆಡೆಮ್ಲಿಯಾ, ಹಳೆಯ ಪರಿಚಯಗಳನ್ನೇ ಮೊದಲು ಉಳಿಸಿಕೊಳ್ಳುತ್ತದೆ. ಹೊಸಬರಿಗೆ ಬಾಗಿಲು ತೋರಿಸುವ ಬೂಟ್‌ಸ್ಟ್ರ್ಯಾಪ್ ಯಂತ್ರಗಳು ಕನಿಷ್ಠ ಮೂರಿರಲಿ, ಮೂರೂ ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಫೀಡರಿನ ಮೇಲೆ ಇರಲಿ. ಅವುಗಳ ವಿಳಾಸ ಕೋಡ್‌ನೊಳಗೆ ಹೂತು ಹೋಗದೆ, ಆ್ಯಪ್ ಸೆಟ್ಟಿಂಗ್‌ನಲ್ಲಿ ಬದಲಿಸಲು ಬರುವಂತಿರಲಿ.

— ಕಂಪ್ಯೂಟರ್ ನೆಟ್‌ವರ್ಕ್ ಬೋಧಕರು, ಕಲಬುರಗಿ