ಮೊಂತಿ ಹಬ್ಬದ ಹೂವು, ತೆನೆಗಳ ಕುರಿತು ವಾಳೆಯವರಿಗೆ ಸೂಚನೆ

ನಮ್ಮ ಚರ್ಚಿನ ಈ ವಾಳೆಯ (ವಾರ್ಡಿನ) ಎಲ್ಲ ಕುಟುಂಬದವರಿಗೆ ವಾಳೆಯ ಮುಖ್ಯಸ್ಥನಾದ ಗುರ್ಕಾರನ ನಮಸ್ಕಾರಗಳು.

ಮಾತೆ ಮರಿಯಮ್ಮನವರ ಜನನದ ಹಬ್ಬವಾದ ಮೊಂತಿ ಹಬ್ಬವು ಸೆಪ್ಟೆಂಬರ್ 8ರಂದು ಇರುವುದರಿಂದ, ಒಂಬತ್ತು ದಿನಗಳ ನೊವೇನಾ ಪ್ರಾರ್ಥನೆ ಆಗಸ್ಟ್ 30ರಂದು ಆರಂಭವಾಗುತ್ತದೆ. ಆ ದಿನಗಳಲ್ಲಿ ಮರಿಯಮ್ಮನವರಿಗೆ ಅರ್ಪಿಸಲು ಮಕ್ಕಳು ತರುವ ಹೂಗಳು ಆದಷ್ಟು ಹಿತ್ತಲಿನ ಬಿಡಿಹೂಗಳೇ ಆಗಿರಲಿ. ಕಳೆದ ವರ್ಷ ಪೇಟೆಯ ಹಾರಗಳ ಪ್ಲಾಸ್ಟಿಕ್ ದಾರ ಬಿಡಿಸುತ್ತಾ ನಾವು ಕೆಲವರು ಬಲಿಪೂಜೆಯ ಬಳಿಕ ಅರ್ಧ ಗಂಟೆ ಅಂಗಳದಲ್ಲೇ ಕುಳಿತಿದ್ದೆವು.

ಹಬ್ಬದಂದು ಚರ್ಚಿನಲ್ಲಿ ಆಶೀರ್ವದಿಸಿ ಮನೆಗಳಿಗೆ ಕೊಡುವ ಭತ್ತದ ತೆನೆಯ ವಿಷಯ ಹೆಚ್ಚು ತುರ್ತಿನದು. ನಮ್ಮಲ್ಲಿ ಭತ್ತ ಬೆಳೆಯುವ ಮನೆಗಳು ಎರಡೇ ಉಳಿದಿದ್ದು, ಅದರಲ್ಲೂ ಒಂದು ಗದ್ದೆಯ ಪೈರು ಮಳೆಗೆ ಮಲಗಿರುವುದರಿಂದ, ಪ್ರತಿ ಮನೆಯವರೂ ತಮಗೆ ಎಷ್ಟು ತೆನೆ ಬೇಕೆಂಬುದನ್ನು, ಮುಂಬೈ ಅಥವಾ ಕೊಲ್ಲಿ ರಾಷ್ಟ್ರಗಳಲ್ಲಿರುವ ಮಕ್ಕಳಿಗೆ ಕಳುಹಿಸುವವರು ಅದನ್ನೂ ಸೇರಿಸಿ, ಸೆಪ್ಟೆಂಬರ್ 3ರೊಳಗೆ ಇಲ್ಲಿಯೇ ತಿಳಿಸಬೇಕು. 7ರ ಸಂಜೆ ತೆನೆ ಕೊಯ್ದು, ಕಾಳು ಉದುರದಂತೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಚರ್ಚಿಗೆ ತಲುಪಿಸಲು ನಾಲ್ವರು ಯುವಕರು ಬೇಕಾಗಿದ್ದಾರೆ.

ಹಾಸಿಗೆ ಹಿಡಿದಿರುವ ಹಿರಿಯರು ಹಾಲಿನಲ್ಲಿ ಬೆರೆಸಿದ ಹೊಸತು (ಆಶೀರ್ವದಿಸಿದ ತೆನೆಯ ಹೊಸ ಕಾಳು) ಬಾಯಿಗೆ ಬೀಳದೆ ಹಬ್ಬದ ದಿನ ಅನ್ನ ಮುಟ್ಟುವುದಿಲ್ಲವಾದ್ದರಿಂದ, ಆಶೀರ್ವದಿಸಿದ ತೆನೆಯನ್ನು ಮಧ್ಯಾಹ್ನದ ಊಟಕ್ಕೆ ಮೊದಲೇ ಅವರ ಮನೆಗಳಿಗೆ ಒಯ್ಯಬೇಕಿದೆ. ಸ್ಕೂಟರ್ ಇರುವವರು ದಯವಿಟ್ಟು ಹೆಸರು ಕೊಡಿ.